ಊಟ ಆತೇನ ತಂಗಿ

ಹೆಗಲ ಮೇಲಿದ್ದ ಚಟ್ಟದ ಬಿದಿರು ಜಾರಿತು.

"ಶ್ರೀಶೈಲಣ್ಣಾ, ಸಂಭಾಳಿಸ್ರಿ!" ಎಂದು ಹಿಂದಿನಿಂದ ಅಮೋಘಸಿದ್ಧ ಕೂಗಿದ. ತೀರಿಹೋದ ಶೆಟ್ಟೆವ್ವ ಅವನ ಅಕ್ಕ. ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿಕೊಂಡು ಪೊಲೀಸ್ ಖಾತೆಯಲ್ಲಿ ದುಡಿಯುತ್ತಿದ್ದವಳು, ನಿನ್ನೆ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಅಲ್ಲೇ ಕುಸಿದಿದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡ ಸತ್ತ ಮೇಲೆ ತಮ್ಮನನ್ನು ಓದಿಸಿ, ಅವನ ಮದುವೆ ಮಾಡಿ, ತನಗೊಂದು ರೇಷ್ಮೆ ಸೀರೆಯನ್ನೂ ಕೊಳ್ಳದ ಹೆಂಗಸು. ಇವತ್ತು ತವರೂರು ತಾಂಬಾದ ಹೊಲದಲ್ಲಿ ಅವಳ ಮಣ್ಣು.

ಶ್ರೀಶೈಲ ತಡವರಿಸಿದ್ದು ಭಾರಕ್ಕಲ್ಲ, ಹೊಲದ ದಾರಿಯಲ್ಲಿ ಸಾಲಾಗಿ ನಿಂತ ಖಾಕಿ ಅಂಗಿಗಳನ್ನು ಕಂಡು. ಬಾಗೇವಾಡಿಯಲ್ಲಿ ಗೊಬ್ಬರದ ಅಂಗಡಿ, ಶೆಟ್ಟೆವ್ವನ ಮಗ್ಗುಲಲ್ಲೇ ಸ್ವಂತ ಮನೆ, ನಾಲ್ಕು ಜನ ಕರೆದು ಕೂರಿಸುವ ಮರ್ಯಾದೆ, ಎಲ್ಲ ಇದ್ದ ಮನುಷ್ಯ. ಆದರೂ ಹೋದ ಸುಗ್ಗಿಯಿಂದ ಖಾಕಿ ಕಂಡರೆ ಅವನ ನಾಲಿಗೆ ಒಣಗುತ್ತಿತ್ತು. ಯಾಕೆಂದು ಹೆಂಡತಿ ಸುವರ್ಣಾಳಿಗೆ ಗೊತ್ತಿರಲಿಲ್ಲ. ಎಂದೂ ಗೊತ್ತಾಗಬಾರದು ಎಂದು ಅವನು ದಿನಾ ದೇವರ ಮುಂದೆ ಕೈ ಮುಗಿಯುತ್ತಿದ್ದ.

*

ಹೋದ ಸುಗ್ಗಿಯ ಆ ಸಂಜೆ ಅವನು ಮುದ್ದೇಬಿಹಾಳದ ರಸ್ತೆಯಲ್ಲಿ ಬೈಕು ನಿಲ್ಲಿಸಿ ಫೋನು ಒತ್ತುತ್ತಿದ್ದ. ಆನ್‌ಲೈನಿನಲ್ಲಿ ಸೋನಿ ಎಂಬವಳು ಸಿಕ್ಕಿದ್ದಳು. ಇವನದು ಹೊಸ ಸಿಮ್ಮು, ಸುಳ್ಳು ಹೆಸರು, ಯಾರದೋ ಫೋಟೊ. ಜಾಣತನಕ್ಕೇನೂ ಕಡಿಮೆ ಇರಲಿಲ್ಲ. ಲಾಡ್ಜು ಯಾವುದು, ಖೋಲಿ ಯಾವುದು, ಎಲ್ಲ ಮಾತಾಗಿತ್ತು. ಇನ್ನೇನು ಬರೆಯಬೇಕೆಂದು ಮಹಾಶಯನಿಗೆ ತೋಚಲಿಲ್ಲ. ದಿನಾ ಸಂಜೆ ಕಂಪೌಂಡಿನಾಚೆ ನಿಂತ ಶೆಟ್ಟೆವ್ವನಿಗೆ ಹೇಳಿ ಹೇಳಿ ರೂಢಿಯಾದ ಮಾತೇ ಬೆರಳಿಗೆ ಬಂದುಬಿಟ್ಟಿತು: "ಊಟ ಆತೇನ ತಂಗಿ? ಹೊಟ್ಟಿ ಉಪವಾಸ ಇಡಬ್ಯಾಡ."

ಕಳಿಸಿದ ಮೇಲೆ ಹಣೆ ಚಚ್ಚಿಕೊಂಡ. ದುಡ್ಡು ಕೊಟ್ಟು ಕೂಡಲು ಹೊರಟವಳನ್ನು ಯಾರಾದರೂ ತಂಗಿ ಎನ್ನುತ್ತಾರೆಯೇ?

ಉತ್ತರ ತಡವಾಗಿ ಬಂತು. "ಬರಬ್ಯಾಡ್ರಿ. ಇಲ್ಲಿ ಪೊಲೀಸರದಾರ. ಮನಿಗಿ ಹೋಗ್ರಿ."

ಮರುದಿನ ಎಲ್ಲರ ಫೋನಿನಲ್ಲೂ ಅದೇ ಸುದ್ದಿ. ಸೋನಿಯನ್ನು ನಂಬಿ ಬಂದ ಗಂಡಸರು ಮುಖಕ್ಕೆ ಟಾವೆಲ್ ಮುಚ್ಚಿಕೊಂಡು ಜೀಪು ಹತ್ತುತ್ತಿದ್ದರು. ಅವರಲ್ಲೊಬ್ಬನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸಿಂದಗಿಯ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಶ್ರೀಶೈಲ ಸಿಮ್ಮು ಮುರಿದು ಬಾವಿಗೆ ಎಸೆದ. ಆದರೆ ತನ್ನನ್ನು ಉಳಿಸಿದವರು ಯಾರು? ಗುರುತು ಹಿಡಿದೇ ಉಳಿಸಿದರೆ? ಆ ಹೆದರಿಕೆಯನ್ನು ಎಸೆಯಲು ಬಾವಿ ಸಿಗಲಿಲ್ಲ.

*

ಕುಣಿ ತೋಡುವುದು ಇನ್ನೂ ಪೂರಾ ಆಗಿರಲಿಲ್ಲ. ಜನ ಬೇವಿನ ನೆರಳಿಗೆ ಕುಳಿತರು. ಸುವರ್ಣಾ ಹೆಂಗಸರ ನಡುವೆ ಬಿಲ್ವದೆಲೆ ಬಿಡಿಸುತ್ತಿದ್ದಳು. ಶೆಟ್ಟೆವ್ವನ ತಾಯಿ ಸಾವಿತ್ರವ್ವ, "ನನ್ನ ಮಗಳು ಯಾರ ಮನಿನೂ ಕೆಡಸಲಿಲ್ಲೋ ಯಪ್ಪಾ" ಎಂದು ಅಳುತ್ತಿದ್ದಳು.

"ಖರೇ ಐತ್ರಿ ಅವ್ವಾರ," ಎಂದ ಯಾಸೀನ. ಅವನು ಶೆಟ್ಟೆವ್ವನ ಜೊತೆ ಕೆಲಸ ಮಾಡಿದ ಪೊಲೀಸ. "ಒಮ್ಮೆ ಲಾಡ್ಜಿನ್ಯಾಗ ಮೇಡಮ್ಮಾರನ್ನ ಕೂಡ್ರಿಸಿದ್ವಿ. ಸೋನಿ ಅಂತ ಹೆಸರು ಇಟ್ಕೊಂಡು ಅವರು ಗಿರಾಕಿ ಕರಸೂದು, ಬಂದವರನ್ನ ನಾವು ಹಿಡಿಯೂದು. ಒಂದು ಕೈಯಾಗ ಫೋನು, ಇನ್ನೊಂದು ಕೈಯಾಗ ಮೆಂತ್ಯೆ ಪಲ್ಲೆ ಸೋಸಾಕತ್ತಿದ್ರು. ಒಬ್ಬಾವ ಏನ್ ಬರದಿದ್ದ ಅಂತೀರಿ! ಊಟ ಆತೇನ ತಂಗಿ, ಹೊಟ್ಟಿ ಉಪವಾಸ ಇಡಬ್ಯಾಡ, ಅಂತ! ನಾ ಬಿದ್ದು ಬಿದ್ದು ನಕ್ಕೆ. ಮೇಡಮ್ಮಾರು ನಗಲಿಲ್ಲ."

"ಆಮ್ಯಾಲೆ?" ಎಂದ ಅಮೋಘಸಿದ್ಧ.

"ಅವ ಬರೂದಿಲ್ಲ ಬಿಡು ಅಂದ್ರು. ಯಾಕ್ರಿ ಅಂದ್ರ, 'ಅವನ ಹೇಣ್ತಿ ಕೈಯಾಗಿನ ರೊಟ್ಟಿ ಉಂಡೇನಿ ಯಾಸೀನ, ಆಕಿ ತಾಟಿನ್ಯಾಗ ನಾ ಹೆಂಗ ಮಣ್ಣ ಹಾಕ್ಲಿ' ಅಂದ್ರು. ಯಾರಂತ ಕಡೀತನಕ ಹೇಳಲಿಲ್ಲ."

ಶ್ರೀಶೈಲ ಯಾಸೀನನಿಂದ ಮುಖ ತಿರುಗಿಸಿದ. ಶೆಟ್ಟೆವ್ವ! ಆ ಮರುದಿನವೇ ಗೋಡೆಯಾಚೆ ನಿಂತು ಹೆಪ್ಪಿಗೆ ಮಜ್ಜಿಗೆ ಕೇಳಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಎಲ್ಲವನ್ನೂ ಹೊಟ್ಟೆಯಲ್ಲಿ ಹಾಕಿಕೊಂಡೇ ಹೋದಳಲ್ಲ! ಮರುಕ್ಷಣವೇ ಅವನ ಕಣ್ಣು ಹೆಂಗಸರ ಕಡೆ ಓಡಿತು. ಸುವರ್ಣಾಳ ಕೈ ಎಲೆಯ ಮೇಲೆ ನಿಂತಿತ್ತು. ಆ ಮಾತನ್ನು ಅವಳು ವರ್ಷಾನುಗಟ್ಟಲೆ ಅಡಿಗೆಮನೆಯ ಕಿಟಕಿಯಿಂದ ಕೇಳಿದ್ದಳು. ಶೆಟ್ಟೆವ್ವನಿಗೆ ದಿನಾ ರೊಟ್ಟಿ ಕಳಿಸಿದ್ದೂ ಅವಳೇ. ಅವಳು ಗಂಡನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಎಲೆ ಬಿಡಿಸತೊಡಗಿದಳು.

ಎಲ್ಲರೂ ಮಣ್ಣು ಕೊಟ್ಟರು. ಶ್ರೀಶೈಲನ ಸರದಿ ಬಂದಾಗ ಸಾವಿತ್ರವ್ವ ಅವನ ಕೈ ಹಿಡಿದಳು. "ಒಮ್ಮೆ ಬಾಯಿ ತುಂಬ ತಂಗಿ ಅಂತ ಕರೀಯಪ್ಪಾ. ನೀ ಹಂಗ ಕರದರ ಭಾಳ ಹಿಗ್ಗತಿದ್ಲು."

ಅವನು ಬಾಯಿ ತೆರೆದ. ಎದುರಿಗೇ ಸುವರ್ಣಾ ನಿಂತಿದ್ದಳು. ದನಿ ಹೊರಡಲಿಲ್ಲ.

"ಪಾಪ, ದುಃಖ ಭಾಳ ಆಗೇತಿ," ಎಂದು ಮುದುಕಿಯೇ ಅವನ ಬೆನ್ನು ಸವರಿದಳು.

*

ಹೆಂಗಸರು ಮುಂಚೆಯೇ ಸಾವಿತ್ರವ್ವನ ಮನೆ ಮುಟ್ಟಿದ್ದರು. ಮಣ್ಣಿನಿಂದ ಬಂದವರ ಕಾಲಿಗೆ ಬಾಗಿಲಲ್ಲಿ ಸುವರ್ಣಾ ನೀರು ಹಾಕುತ್ತಿದ್ದಳು. ಅಮೋಘಸಿದ್ಧ ಕಾಲು ತೊಳೆದುಕೊಂಡು ಒಳಗೆ ಹೋದ. "ಬರ್ರಿ ಅಣ್ಣಾರ," ಎಂದು ಯಾಸೀನನ ಕಾಲಿಗೂ ಹಾಕಿದಳು. ಅವಳ ದನಿ ಎಂದಿನಂತೆಯೇ ಇತ್ತು. ಗೊತ್ತಾಗಿಲ್ಲ, ಗೊತ್ತಾಗಿಲ್ಲ ಎಂದು ಶ್ರೀಶೈಲ ಮನಸ್ಸಿನಲ್ಲೇ ಜಪಿಸಿದ.

ಅವನು ಮುಂದೆ ಬಂದು ಧೋತರ ಎತ್ತಿ ಹಿಡಿದು, ತಲೆ ತಗ್ಗಿಸಿ, ಕೆಸರಾದ ಕಾಲು ಚಾಚಿದ. ಕೊಡದಲ್ಲಿ ತಂಬಿಗೆ ಅದ್ದಿದ ಸಪ್ಪಳ ಕೇಳಿತು. ಕಾದ. ಹಿಂದೆ ನಿಂತವರು ಕೆಮ್ಮಿದರು. ನೀರು ಬೀಳಲಿಲ್ಲ. ಅವನಿಗೆ ತಲೆ ಎತ್ತಿ ನೋಡುವ ಧೈರ್ಯ ಬರಲಿಲ್ಲ. ಅವನ ಕಾಲಿನ ಪಕ್ಕದಲ್ಲಿ, ನೆಲದ ಮೇಲೆ, ಬಳೆ ತೊಟ್ಟ ಕೈಯೊಂದು ತುಂಬಿದ ತಂಬಿಗೆಯನ್ನು ಇಟ್ಟು ಹಿಂದೆ ಸರಿಯಿತು.