ಬಾವಿಗೆ ಬಿಟ್ಟ ಬಿಸಿ

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಆ ಕಟ್ಟಡದಲ್ಲಿ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಸಿ ಕೂರಿಸುವುದು, ಕೆಟ್ಟರೆ ಸರಿಮಾಡುವುದು ಅವನ ಕಸುಬು. ಹಾಗಾಗಿ ದೊಡ್ಡವರಿಗೂ ಚಿಕ್ಕವರಿಗೂ ಅವನು ತಂಪಣ್ಣ. ಬೇಸಿಗೆ ಶುರುವಾಯಿತೆಂದರೆ ಅವನ ಫೋನಿಗೆ ಬಿಡುವೇ ಇರುತ್ತಿರಲಿಲ್ಲ. ಮೊದಮೊದಲು ಅದು ನಾಲ್ಕು ದಿನದ ಗದ್ದಲ ಅಷ್ಟೇ. ಈಚೆಗೆ ಬೇಸಿಗೆ ವರ್ಷದಿಂದ ವರ್ಷಕ್ಕೆ ಬೇಗ ಬರುತ್ತಿತ್ತು. ಬಂದಮೇಲೆ ಮಾನಗೆಟ್ಟ ನೆಂಟನ ಹಾಗೆ ಏಳುವ ಮಾತೇ ಆಡುತ್ತಿರಲಿಲ್ಲ. ಊರೆಲ್ಲ ಬಿಸಿಲನ್ನು ಬೈಯುವಾಗ ತಂಪಣ್ಣನೂ ಜೊತೆಗೆ ಬೈಯುತ್ತಿದ್ದ. ಆದರೆ ಮಳೆ ಮುಂಚಿತವಾಗಿ ಬಂದ ವರ್ಷ ಅವನ ಮುಖ ಸಪ್ಪಗಾಗಿದ್ದನ್ನು ಹೆಂಡತಿ ಗಮನಿಸಿದ್ದಳು.

ಕಟ್ಟಡ ಐದು ಅಂತಸ್ತಿನದು. ಗಾಳಿ ಬೆಳಕು ಬರಲೆಂದು ಅದರ ನಟ್ಟನಡುವೆ ಒಂದು ಚೌಕ ಜಾಗ ಬಿಟ್ಟಿದ್ದರು. ತಾರಸಿಯಿಂದ ಬಗ್ಗಿ ನೋಡಿದರೆ ತಲೆ ಸುತ್ತುವಷ್ಟು ಆಳ ಕಾಣುತ್ತಿದ್ದುದರಿಂದ ಎಲ್ಲರೂ ಅದನ್ನು ಬಾವಿ ಎನ್ನುತ್ತಿದ್ದರು. ಪ್ರತಿ ಮನೆಯ ಅಡುಗೆಮನೆಯ ಕಿಟಕಿ, ಹಿಂದಿನ ಕೋಣೆಯ ಕಿಟಕಿ ಆ ಬಾವಿಗೇ ತೆರೆಯುತ್ತಿದ್ದವು. ಎಸಿಯ ಹೊರಗಿನ ಡಬ್ಬವನ್ನು ರಸ್ತೆ ಕಡೆಯ ಗೋಡೆಗೆ ಕಟ್ಟಿದರೆ ಕಟ್ಟಡದ ಅಂದ ಕೆಡುತ್ತದೆ ಎಂದು ಸಮಿತಿಯವರು ಕಡ್ಡಿ ಮುರಿದಂತೆ ಹೇಳಿದ್ದರು. ತಾರಸಿಗೆ ಒಯ್ಯಬಹುದಿತ್ತು; ಅದಕ್ಕೆ ಉದ್ದುದ್ದ ತಾಮ್ರದ ಪೈಪು ಬೇಕು, ಗೋಡೆಯಲ್ಲಿ ತೂತು ಕೊರೆಯಬೇಕು, ಖರ್ಚು ಜಾಸ್ತಿ. "ಬಾವಿ ಕಡೆಗೇ ಹಾಕಿಬಿಡು ತಂಪಣ್ಣ, ಅಲ್ಲಿ ಯಾರಿಗೆ ಕಾಣತ್ತೆ?" ಎಂದರು ಎಲ್ಲರೂ. ಅವನು ಹಾಕಿದ. ಮೊದಲು ಕಣ್ಣಿನ ಡಾಕ್ಟರ ಮನೆಗೆ, ಆಮೇಲೆ ಬ್ಯಾಂಕಿನಮ್ಮನ ಮನೆಗೆ. ಹೀಗೆ ಒಬ್ಬರನ್ನು ನೋಡಿ ಒಬ್ಬರು. ಕೊನೆಗೆ, ಮಗಳ ಮೈಮೇಲೆ ಬೆವರುಸಾಲೆ ಎದ್ದು ಮಗು ರಾತ್ರಿಯೆಲ್ಲ ಅಳತೊಡಗಿದಾಗ, ಎರಡನೇ ಅಂತಸ್ತಿನ ತನ್ನ ಮನೆಗೂ.

ಐದನೇ ಅಂತಸ್ತಿನ ಹಿಂಬದಿಯ ಪುಟ್ಟ ಮನೆಯಲ್ಲಿ ಅವನ ದೊಡ್ಡಮ್ಮ ಇದ್ದಳು. ಅವನ ಅಮ್ಮನ ಅಕ್ಕ. ಅಮ್ಮ ತೀರಿಕೊಂಡಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಗಂಡನಿಲ್ಲ, ಸ್ವಂತ ಮಕ್ಕಳಿಲ್ಲ. ಹಳೆಯ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು, ಜಿಪ್ಪು ಬದಲಾಯಿಸುವುದು ಅವಳ ಕೆಲಸ. ಕಿಟಕಿಯ ಬೆಳಕಿಗೆ ಹೊಲಿಗೆ ಮಿಶನ್ನು ಹಾಕಿಕೊಂಡು ಕೂತರೆ ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ಬಟ್ಟೆ ಕೊಡಲು ಬಂದವರಿಗೆಲ್ಲ, "ಈ ಕಟ್ಟಡಾನ ತಂಪಾಗಿಟ್ಟಿರೋನು ನನ್ನ ಮಗ" ಎಂದು ಹೇಳಿಕೊಳ್ಳುತ್ತಿದ್ದಳು. ಅವಳ ಮನೆಯಲ್ಲಿ ಮಾತ್ರ ಎಸಿ ಇರಲಿಲ್ಲ. ತಣ್ಣನೆ ಗಾಳಿ ಸೋಕಿದರೆ ಮಂಡಿ ಹಿಡಿದುಕೊಳ್ಳುತ್ತದೆ ಎನ್ನುವಳು. ಫ್ಯಾನು ಸಾಕು, ಕಿಟಕಿ ಸಾಕು.

ಆ ವರ್ಷ ಬೇಸಿಗೆ ತಲೆಯೆತ್ತಿದ ದಿನಗಳಲ್ಲಿ ಒಂದು ಮಧ್ಯಾಹ್ನ ಅವನು ಮಿಶನ್ನಿನ ಬೆಲ್ಟು ಬಿಗಿಮಾಡಿಕೊಡಲು ಹೋಗಿದ್ದ. ದೊಡ್ಡಮ್ಮ ಒದ್ದೆ ಟವಲನ್ನು ಕತ್ತಿಗೆ ಸುತ್ತಿಕೊಂಡು ಕೂತಿದ್ದಳು.

"ಯಾಕೋ ಮಗಾ, ಈ ಸಲ ಕಿಟಕಿ ತೆಗೆದ್ರೆ ಒಲೆ ಮುಂದೆ ಮುಖ ಇಟ್ಟ ಹಾಗಾಗತ್ತೆ. ಮುಚ್ಚಿದ್ರೆ ಉಸಿರು ಕಟ್ಟತ್ತೆ. ಏನಿರಬಹುದು?"

ಅವನು ಕಿಟಕಿಯ ಹೊರಗೆ ಕೈ ಚಾಚಿದ. ಬೇಕಿರಲಿಲ್ಲ, ಚಾಚುವ ಮೊದಲೇ ಗೊತ್ತಿತ್ತು. ಕೆಳಗೆ ಸಾಲುಸಾಲಾಗಿ ತಾನೇ ಬೋಲ್ಟು ಬಿಗಿದ ಡಬ್ಬಗಳೆಲ್ಲ ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುವುದಲ್ಲದೆ ಎಸಿ ಮಾಡುವ ಕೆಲಸ ಬೇರೆ ಇನ್ನೇನು? ಹಾಕಿದ ಬಿಸಿ ಬಾವಿಯಲ್ಲಿ ತುಂಬಿಕೊಂಡು ಮೇಲೆ ಬರುತ್ತಿತ್ತು. ಎಸಿ ಇದ್ದವರ ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು; ಮೇಲೆ ಬಂದರೆ ಮೊದಲು ಸಿಗುವ ತೆರೆದ ಕಿಟಕಿ ದೊಡ್ಡಮ್ಮನದು.

"ಬಿಸಿಲೇ ಹಾಗಿದೆ ದೊಡ್ಡಮ್ಮ ಈ ವರ್ಷ" ಎಂದ ತಂಪಣ್ಣ. "ಪ್ರಪಂಚಾನೇ ಕಾಯ್ತಿದೆಯಂತೆ. ಪೇಪರಲ್ಲಿ ದಿನಾ ಬರತ್ತಲ್ಲ."

ಆ ಮಾತು ಸುಳ್ಳೇನಲ್ಲ. ಅದಕ್ಕೇ ಅದು ನಾಲಿಗೆಗೆ ಅಷ್ಟು ಸಲೀಸಾಗಿ ಬಂತು. ಮೆಟ್ಟಿಲಿಳಿಯುವಾಗ ಅವನಿಗೆ ಕಿವಿಯ ಬುಡ ಬೆಚ್ಚಗಾದಂತೆ ಅನಿಸಿತು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. ಅವಳು ತಟ್ಟೆಯಿಂದ ಕೈ ತೆಗೆದು ಅವನನ್ನೇ ನೋಡಿದಳು. "ಗೊತ್ತಿದ್ದೂ ಹಾಗಂದ್ರಾ? ನಾಳೆ ಭಾನುವಾರ ಮೀಟಿಂಗ್ ಇದೆಯಲ್ಲ, ಬಾಯಿಬಿಟ್ಟು ಹೇಳ್ರೀ. ಎಲ್ಲರದನ್ನೂ ತಾರಸಿಗೆ ಹಾಕೋಣ ಅನ್ನಿ."

ಮೀಟಿಂಗು ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ನಡೆಯುತ್ತಿತ್ತು. ಕಣ್ಣಿನ ಡಾಕ್ಟರೇ ಸಮಿತಿಯ ಅಧ್ಯಕ್ಷರು. ಸಜ್ಜನ. ಹಿಮ ಕರಗುವುದು, ಸಮುದ್ರ ಏರುವುದು, ಕಾಡು ಹೊತ್ತಿ ಉರಿಯುವುದು, ಎಲ್ಲವನ್ನೂ ಓದಿಕೊಂಡಿದ್ದರು. ಮಾತಿಗೆ ಕೂತರೆ ಕೇಳುವವರ ಕಣ್ಣಲ್ಲಿ ನೀರು ಬರುವ ಹಾಗೆ ಹೇಳುತ್ತಿದ್ದರು. ತಂಪಣ್ಣ ಎದ್ದುನಿಂತು ಬಾವಿಯ ವಿಷಯ ತೆಗೆದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸಿದವರೂ ಅವರೇ.

"ನೂರಕ್ಕೆ ನೂರು ಸರಿ" ಎಂದರು. "ಇದು ನಾವು ಯೋಚನೆ ಮಾಡ್ಲೇಬೇಕಾದ ವಿಷಯ. ಆದ್ರೆ ನೋಡಿ, ಅಷ್ಟು ದೊಡ್ಡ ದೊಡ್ಡ ಕಾರ್ಖಾನೆಗಳು ಹೊಗೆ ಉಗುಳ್ತಾ ಇರುವಾಗ ನಮ್ಮ ನಾಲ್ಕು ಡಬ್ಬ ಅಲ್ಲಿಂದ ಇಲ್ಲಿಗೆ ಹೋದ್ರೆ ಏನು ಮಹಾ ಆದೀತು? ಮಾಡಿದ್ರೆ ಎಲ್ಲರೂ ಮಾಡ್ಬೇಕು. ಎಲ್ಲರೂ ಮಾಡ್ತಾರಾ ಅಂದ್ರೆ ನಾನು ರೆಡಿ."

ಎಲ್ಲರೂ ಮಾಡಿದರೆ ತಾವೂ ರೆಡಿ ಎಂದು ಎಲ್ಲರೂ ಹೇಳಿದರು. ಯಾರೊಬ್ಬರೂ ಬೇಡವೆನ್ನಲಿಲ್ಲ. ಈ ಸೆಕೆಯಲ್ಲಿ ಎರಡು ದಿನ ಎಸಿ ಬಿಚ್ಚಿಟ್ಟರೆ ಅತ್ತೆ ತಡೆದುಕೊಳ್ಳುವುದಿಲ್ಲ, ಬೇಸಿಗೆ ಕಳೆಯಲಿ ಎಂದರು ಒಬ್ಬರು. ಮಳೆಗಾಲದಲ್ಲಿ ತಾರಸಿ ಕೊರೆದರೆ ಸೋರುತ್ತದೆ ಎಂದರು ಇನ್ನೊಬ್ಬರು. ಬ್ಯಾಂಕಿನಮ್ಮ ಅಷ್ಟು ಹೊತ್ತೂ ಬಳೆ ತಿರುಗಿಸುತ್ತ ಕೂತಿದ್ದವಳು ನಗುತ್ತಲೇ ಕೇಳಿದಳು:

"ಎಲ್ಲಾ ಸರಿ ತಂಪಣ್ಣ, ಇದನ್ನೆಲ್ಲ ಅಲ್ಲಿ ಕೂರಿಸಿದವನು ನೀನೇ ಅಲ್ವಾ? ನಿಂದೂ ಅಲ್ಲೇ ಇದೆ. ನೀನು ಮೊದ್ಲು ತೆಗಿ, ನಾವು ನಿನ್ನ ಹಿಂದೆ."

ಎಲ್ಲರೂ ನಕ್ಕರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಅವನೂ ನಕ್ಕ. "ಆಯ್ತು, ನಾಳೆನೇ ತೆಗೀತೀನಿ" ಎಂದ.

ತೆಗೆಯಬಹುದಿತ್ತು. ಬೇರೆಯವರಿಗೆ ಖರ್ಚಿನ ನೆಪವಿತ್ತು. ಅವನಿಗೆ ಅದೂ ಇರಲಿಲ್ಲ. ಪೈಪು ಗೋದಾಮಿನಲ್ಲಿ ಬಿದ್ದಿತ್ತು, ಸ್ಪ್ಯಾನರು ಕೈಯಲ್ಲೇ ಇತ್ತು, ಒಂದು ಬೆಳಗಿನ ಕೆಲಸ. ಆದರೆ ಮರುದಿನ ಬೆಳಗ್ಗೆಯೇ ಒಂದು ಕಚೇರಿಯಿಂದ ಕರೆ ಬಂತು, ಅದನ್ನು ಬಿಟ್ಟರೆ ಆ ಗಿರಾಕಿ ಕೈತಪ್ಪುತ್ತಿದ್ದ. ಅದರ ಮರುದಿನ ಮಗಳಿಗೆ ನೆಗಡಿ. ಆಮೇಲೆ ಸಂಜೆ ಮನೆಗೆ ಬಂದು, ಅಂಗಿ ಬೆನ್ನಿಗೆ ಅಂಟಿಕೊಂಡು, ಬಾಗಿಲು ಹಾಕಿ ಗುಂಡಿ ಒತ್ತಿದಾಗ ಮುಖಕ್ಕೆ ಬಂದು ತಾಗುವ ಆ ಮೊದಲ ತಣ್ಣನೆ ಗಾಳಿ. ದಿನವಿಡೀ ಊರಿನವರ ಬಿಸಿಯಲ್ಲಿ ಬೆಂದು ಬಂದವನಿಗೆ ಅಷ್ಟೂ ಬೇಡವೇ ಅನ್ನಿಸುತ್ತಿತ್ತು. ಇದೊಂದು ತೆಗೆದರೆ ಮಾತ್ರ ದೊಡ್ಡಮ್ಮನ ಕಿಟಕಿ ತಣ್ಣಗಾಗಿಬಿಡುತ್ತದೆಯೇ ಎಂದೂ ಅನ್ನಿಸುತ್ತಿತ್ತು. ಹೆಂಡತಿ ಒಂದೆರಡು ಸಲ ನೆನಪಿಸಿದಳು. ಆಮೇಲೆ ಅವಳೂ ನೆನಪಿಸುವುದನ್ನು ಬಿಟ್ಟಳು. ಮಗು ನೆಮ್ಮದಿಯಾಗಿ ಮಲಗುತ್ತಿತ್ತು. ಐದನೇ ಅಂತಸ್ತಿಗೆ ಹೋಗುವುದನ್ನು ತಾನು ಕಡಿಮೆ ಮಾಡಿದ್ದೇನೆಂಬುದು ತಂಪಣ್ಣನಿಗೆ ಗೊತ್ತಾಗಿತ್ತು. ಕೆಲಸ ಜಾಸ್ತಿ ಎಂದು ತನಗೇ ಹೇಳಿಕೊಂಡ.

ಹಕ್ಕಿಗಳು ಕೂಡ ಬಾಯಿ ತೆರೆದುಕೊಂಡು ಕೂತಿದ್ದ ಒಂದು ಮಧ್ಯಾಹ್ನ ಹೆಂಡತಿಯ ಫೋನು ಬಂತು. ಅವಳು ದೊಡ್ಡಮ್ಮನಿಗೆ ಮಜ್ಜಿಗೆ ಕೊಡಲು ಹೋಗಿದ್ದಳು. ಬಾಗಿಲು ತಟ್ಟಿದರೆ ಉತ್ತರವಿಲ್ಲ. ತನ್ನಲ್ಲಿದ್ದ ಬೀಗದ ಕೈಯಿಂದ ತೆಗೆದು ನೋಡಿದರೆ ದೊಡ್ಡಮ್ಮ ಮಿಶನ್ನಿನ ಪಕ್ಕ ನೆಲದ ಮೇಲೆ ಬಿದ್ದಿದ್ದಾಳೆ. ಕಿಟಕಿ ಮುಚ್ಚಿದೆ. ಮೈ ಕೆಂಡದ ಹಾಗೆ, ಒಂದು ತೊಟ್ಟು ಬೆವರಿಲ್ಲ, ಏನೇನೋ ಬಡಬಡಿಸುತ್ತಿದ್ದಾಳೆ.

ಅವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಕಂಕುಳಿಗೂ ಕತ್ತಿಗೂ ಮಂಜುಗಡ್ಡೆಯ ಚೀಲ ಇಟ್ಟು, ಕೈಗೆ ಸಲೈನ್ ಏರಿಸಿದ್ದರು. ವಾರ್ಡಿನಲ್ಲಿ ಅಂಥವರು ಇನ್ನೂ ಇದ್ದರು. ಡ್ಯೂಟಿಯಲ್ಲಿದ್ದ ಡಾಕ್ಟರು ಎಳೆಯ ವಯಸ್ಸಿನ ಹುಡುಗಿ, ನಿದ್ದೆಗೆಟ್ಟ ಕಣ್ಣು. "ಹೀಟ್ ಸ್ಟ್ರೋಕ್, ಸೆಕೆಯ ಹೊಡೆತ. ಸ್ವಲ್ಪ ತಡ ಆಗಿದ್ರೂ ಕಷ್ಟ ಇತ್ತು. ಮನೇಲಿ ಗಾಳಿ ಆಡಲ್ವಾ?" ಎಂದು ಕೇಳಿದಳು. ಹೆಂಡತಿ ತಂಪಣ್ಣನ ಮುಖ ನೋಡದೆ, "ಆಡಲ್ಲ" ಎಂದಳು.

ಸಂಜೆ ಕಟ್ಟಡದವರು ಹಣ್ಣು ಹಿಡಿದುಕೊಂಡು ಬಂದರು. ಕಣ್ಣಿನ ಡಾಕ್ಟರು ತಾವೇ ವಾರ್ಡಿನವರ ಹತ್ತಿರ ಮಾತಾಡಿ ಕಿಟಕಿ ಪಕ್ಕದ ಮಂಚ ಕೊಡಿಸಿದರು. ಬ್ಯಾಂಕಿನಮ್ಮ ಕಣ್ಣೊರೆಸಿಕೊಂಡಳು. ಹೊರಗೆ ಕಾರಿಡಾರಿನಲ್ಲಿ ಅವನ ಭುಜದ ಮೇಲೆ ಕೈಯಿಟ್ಟು ಹೇಳಿದಳು:

"ತಪ್ಪು ತಿಳ್ಕೋಬೇಡ ತಂಪಣ್ಣ. ಊರಿಗೆಲ್ಲ ಎಸಿ ಹಾಕಿದೆ, ಹೆತ್ತ ತಾಯಿ ಹಾಗೆ ನೋಡ್ಕೊಂಡೋಳಿಗೆ ಒಂದು ಹಾಕಿಕೊಡೋಕಾಗ್ಲಿಲ್ವಾ?"

ಉಳಿದವರು ಹೌದೆಂಬಂತೆ ನೆಲ ನೋಡಿದರು. ಅವನು ತಲೆ ತಗ್ಗಿಸಿದ. "ತಪ್ಪಾಯ್ತಕ್ಕ" ಎಂದ. ಹಾಗೆ ಎನ್ನುವಾಗ ಎದೆಯ ಭಾರ ಒಂದು ಎಳೆ ಕಡಿಮೆಯಾಯಿತು. ತನ್ನ ಮೇಲೆ ಬಂದ ಆರೋಪ ನಿಜವಾದ ಆರೋಪಕ್ಕಿಂತ ಹಗುರವಾಗಿದೆ ಎಂದು ಸಮಾಧಾನವಾಯಿತು. ಆ ಸಮಾಧಾನ ಗೊತ್ತಾದದ್ದೇ ತಡ, ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೈ ತೊಳೆದು ಬರುತ್ತೇನೆಂದು ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೇ ಇದ್ದ.

ದೊಡ್ಡಮ್ಮ ಬದುಕಿದಳು. ಆದರೆ ಮೊದಲಿನ ದೊಡ್ಡಮ್ಮನಾಗಿ ಮನೆಗೆ ಬರಲಿಲ್ಲ. ಬಲಗೈ ಸಣ್ಣಗೆ ನಡುಗುತ್ತಿತ್ತು; ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಅವಳನ್ನು ಎರಡನೇ ಅಂತಸ್ತಿಗೇ ಕರೆತಂದು ಮುಂದಿನ ಕೋಣೆಯಲ್ಲಿ ಮಲಗಿಸಿದರು. ತಂಪಣ್ಣ ಹೊಸದೊಂದು ಎಸಿ ತಂದು, ಪ್ಯಾಕು ಬಿಚ್ಚದೆ ಅವಳ ಮಂಚದ ಪಕ್ಕ ಇಟ್ಟ.

"ನಿನ್ನ ಮನೆಗೆ ದೊಡ್ಡಮ್ಮ. ನಾಳೆ ಕೂರಿಸಿಬಿಡ್ತೀನಿ."

"ನಂಗ್ಯಾಕೋ ಅದು? ಮಂಡಿ ನೋವು ಯಾರು ಅನುಭವಿಸೋರು? ಯಾರಿಗಾದ್ರೂ ಮಾರಿಬಿಡು."

ಅವನು ಮಂಚದ ಅಂಚಿನಲ್ಲಿ ಕೂತ. ಅವಳ ನಡುಗುವ ಕೈಯನ್ನು ಹಿಡಿದುಕೊಂಡ. "ದೊಡ್ಡಮ್ಮ, ಅವತ್ತು ನೀನು ಕೇಳಿದ್ಯಲ್ಲ, ಕಿಟಕೀಲಿ ಯಾಕೆ ಬಿಸಿ ಅಂತ. ಅದು ಬಿಸಿಲಲ್ಲ. ಅಂದ್ರೆ, ಬಿಸಿಲೂ ಹೌದು. ಆದ್ರೆ ಜಾಸ್ತಿ..."

"ನಿನ್ನ ಡಬ್ಬಗಳದ್ದು" ಎಂದಳು ದೊಡ್ಡಮ್ಮ. "ಗೊತ್ತು ಕಣೋ. ಅವು ನಿಂತಾಗ ಗಾಳಿ ತಣ್ಣಗಾಗ್ತಿತ್ತು, ಶುರುವಾದಾಗ ಕಾಯ್ತಿತ್ತು. ಅಷ್ಟೂ ತಿಳಿಯಲ್ವಾ ನಂಗೆ?"

"ಮತ್ತೆ ಕೇಳಿದ್ಯಲ್ಲ ನನ್ನ?"

"ನೀನು ಏನಂತೀಯ ನೋಡೋಣ ಅಂತ ಕೇಳ್ದೆ."

ಅವನಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ದೊಡ್ಡಮ್ಮ ಬೈಯುವವಳಂತೆ ಹೇಳಿರಲಿಲ್ಲ; ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ತೋರಿಸುವವಳ ಹಾಗೆ ಹೇಳಿದ್ದಳು.

"ಆಮೇಲಾದ್ರೂ ಯಾಕೆ ಸುಮ್ಮನಿದ್ದೆ?"

"ಏನಂತ ಹೇಳ್ಲಿ? ನೀನು ದುಡಿಯೋ ಅನ್ನಕ್ಕೆ ನಾನೇ ಮಣ್ಣು ಹಾಕ್ಲಾ? ಒಂದು ಬೇಸಿಗೆ ಅಲ್ವಾ, ಕಳೆದು ಹೋಗತ್ತೆ ಅಂದ್ಕೊಂಡೆ." ಎಡಗೈಯಿಂದ ಸೆರಗು ಸರಿಮಾಡಿಕೊಂಡು, "ನಾನೂ ತಪ್ಪು ಮಾಡ್ದೆ ಬಿಡು. ಗೊತ್ತಿದ್ದೋಳು ಹೇಳ್ಬೇಕಿತ್ತು" ಎಂದಳು. ಅವನ ಪಾಲಿನ ತಪ್ಪಿನಲ್ಲಿ ಒಂದಿಷ್ಟನ್ನು ಅವಳು ತನ್ನ ಮೇಲೆ ಎಳೆದುಕೊಂಡದ್ದನ್ನು ಅವನು ತಡೆಯಲಾರದೆ ಹೋದ. ಚಿಕ್ಕಂದಿನಲ್ಲಿ ಅವನು ಒಡೆದ ಪಾತ್ರೆಗಳ ತಪ್ಪನ್ನೂ ಅವಳು ಹೀಗೆಯೇ ಹೊತ್ತುಕೊಳ್ಳುತ್ತಿದ್ದಳು.

ಮರುದಿನ ಬೆಳಗ್ಗೆ ಅವನು ಫೋನು ಆರಿಸಿಟ್ಟು ಬಾವಿಗೆ ಇಳಿದ. ತನ್ನ ಮನೆಯ ಡಬ್ಬವನ್ನು ಬಿಚ್ಚಿ, ಹಗ್ಗ ಕಟ್ಟಿ ಮೇಲೆಳೆದು, ತಾರಸಿಯಲ್ಲಿ ಕೂರಿಸಿದ. ಮಧ್ಯಾಹ್ನದೊಳಗೆ ಮುಗಿಯಿತು. ಇಷ್ಟೇ ಕೆಲಸವಿದ್ದುದು ಎಂಬುದೇ ಅವನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಆಮೇಲೆ ಮನೆಮನೆಯ ಬಾಗಿಲು ತಟ್ಟಿ, ಕೂಲಿ ಬೇಡ, ಪೈಪಿನದಷ್ಟೇ ಕೊಡಿ ಎಂದ. ಬ್ಯಾಂಕಿನಮ್ಮ ಮಾತಿಗೆ ತಪ್ಪಲಿಲ್ಲ, ಅವತ್ತೇ ಒಪ್ಪಿದಳು. ಇನ್ನೊಂದು ಮನೆಯವರೂ ಒಪ್ಪಿದರು. ಡಾಕ್ಟರು ಅವನ ಕೈ ಕುಲುಕಿ, ಇಂಥ ಕೆಲಸ ಎಲ್ಲರಿಗೂ ಮಾದರಿ ಎಂದು ಹೊಗಳಿ, ತಮ್ಮದನ್ನು ಬೇಸಿಗೆ ಕಳೆದಮೇಲೆ ನೋಡೋಣ ಎಂದರು. ಉಳಿದವರು ಡಾಕ್ಟರ ದಾರಿ ಕಾದರು. ಬಾವಿಯ ಬಿಸಿ ಕೊಂಚ ಇಳಿಯಿತು. ದೊಡ್ಡಮ್ಮ ಆ ಬೇಸಿಗೆಯಲ್ಲಿ ಮತ್ತೆ ಮೇಲೆ ಹೋಗುವಷ್ಟು ಇಳಿಯಲಿಲ್ಲ.

ಕೆಲವು ದಿನಗಳ ಮೇಲೆ ಬೇರೆ ಬೀದಿಯ ಒಂದು ಮನೆಯಿಂದ ಕರೆ ಬಂತು. ಮನೆಯ ಯಜಮಾನ ತೋರಿಸಿದ ಜಾಗ ಒಂದು ಓಣಿ. ಎದುರಿಗೆ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಯಾರದೋ ಅಡುಗೆಮನೆಯ ಕಿಟಕಿ. ತಂಪಣ್ಣ ತಾರಸಿಯ ಮಾತೆತ್ತಿದ. ಯಜಮಾನ ಕೈಗಡಿಯಾರ ನೋಡಿಕೊಂಡ.

"ನಿನ್ನೆ ಬಂದೋನು ಇಲ್ಲೇ ಹಾಕ್ತೀನಿ ಅಂದಿದ್ದ. ನಿಮಗಾಗಲ್ಲ ಅಂದ್ರೆ ಹೇಳಿ, ಅವನನ್ನೇ ಕರೀತೀನಿ."

ತಂಪಣ್ಣ ಹೊರಗೆ ಹೋಗಿ ಎದುರು ಮನೆಯ ಬಾಗಿಲು ತಟ್ಟಿದ. ಸೊಂಟದ ಮೇಲೆ ಮಗುವನ್ನಿಟ್ಟುಕೊಂಡ ಹೆಂಗಸೊಬ್ಬಳು ಬಂದಳು. ಅವನು ಓಣಿಯತ್ತ ಕೈ ತೋರಿಸಿ, ಅಲ್ಲಿ ಎಸಿ ಕೂರಿಸುತ್ತಿದ್ದಾರೆ, ಅದರ ಬಿಸಿಯೆಲ್ಲ ನಿಮ್ಮ ಅಡುಗೆಮನೆಗೆ ಬರುತ್ತದೆ, ನಿಮಗೆ ತಿಳಿದಿರಲಿ ಎಂದು ಹೇಳಿದ.

ಅವಳು ಅವನ ಭುಜದ ಚೀಲವನ್ನೂ ಅದರಿಂದ ಇಣುಕುತ್ತಿದ್ದ ಡ್ರಿಲ್ಲನ್ನೂ ನೋಡಿದಳು.

"ಕೂರಿಸೋರು ಯಾರು, ನೀವೇನಾ?"

"ಹೌದಮ್ಮ" ಎಂದ.

ಅವಳು ಮಗುವನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡು ಬಾಗಿಲು ಹಾಕಿದಳು. ತಂಪಣ್ಣ ಮೆಟ್ಟಿಲ ಮೇಲೆ ಒಂದಷ್ಟು ಹೊತ್ತು ನಿಂತಿದ್ದ. ಒಳಗಿನಿಂದ ಅಡುಗೆಮನೆಯ ಕಿಟಕಿ ಮುಚ್ಚುವ ಸದ್ದು ಕೇಳಿಸಿತು. ಓಣಿಯ ಆಚೆಯಿಂದ ಯಜಮಾನ, ಏನು ತೀರ್ಮಾನ ಮಾಡಿದಿರಿ ಎಂದು ಕೂಗಿ ಕೇಳುತ್ತಿದ್ದ.