ಹೋಳೂರಿನವರೆಗಿನ ಸಿನಿಮಾ

ನರಸಾಪುರದ ವೈರಿಂಗ್ ಕಂಪನಿಯಿಂದ ಶ್ರೀನಿವಾಸಪುರಕ್ಕೆ ಹೆಣ್ಣುಮಕ್ಕಳನ್ನು ಹೊತ್ತು ತರುವ ಬಸ್ಸಿನಲ್ಲಿ, ಡ್ರೈವರ್ ಸೊಣ್ಣಪ್ಪನ ಬೆನ್ನಿಗಿದ್ದ ಮೊದಲ ಸೀಟಿಗೆ ಬೇಜಾರ್ ಸೀಟು ಎಂದು ಹೆಸರು. ಯಾರ ಮನಸ್ಸು ಸರಿಯಿಲ್ಲವೋ ಅವರು ಅಲ್ಲಿ ಕೂರಬೇಕು. ಕೂತವರು ಯಾವ ಸಿನಿಮಾ ಕೇಳುತ್ತಾರೋ ಅದನ್ನೇ ಸೊಣ್ಣಪ್ಪ ತನ್ನ ತಲೆಯ ಮೇಲಿನ ಟಿವಿಯಲ್ಲಿ ಹಾಕಬೇಕು. ಉಳಿದ ನಲವತ್ತು ಜನ ತುಟಿಪಿಟಕ್ಕೆನ್ನದೆ ನೋಡಬೇಕು. ಈ ಕಾನೂನು ಮಾಡಿದವಳು ಪ್ಯಾಕಿಂಗ್ ಸೆಕ್ಷನ್ನಿನ ಅನಸೂಯಮ್ಮ. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಬಾಯಿಯಲ್ಲೂ ದೊಡ್ಡವಳು. ಅವಳೇ ಇನ್ನೊಂದು ಕಟ್ಟಳೆ ಸೇರಿಸಿದ್ದಳು. ಆ ಸೀಟಿನಲ್ಲಿ ಕೂತವರನ್ನು ಯಾಕೆ, ಏನು ಎಂದು ಕೇಳಕೂಡದು.

"ಮನೇಲಿ ಕೇಳೋರು ಬೇಕಾದಷ್ಟಿದಾರೆ ಕಣ್ರೇ. ಇಲ್ಲಾದ್ರೂ ಸುಮ್ನೆ ಬಿಡ್ರಿ."

ಒಳ್ಳೆಯ ಮನಸ್ಸಿನಿಂದ ಮಾಡಿದ ಕಟ್ಟಳೆಯೇ. ಅದನ್ನು ಮುಂದಿಟ್ಟುಕೊಂಡು ತಪ್ಪನ್ನೆಲ್ಲ ಅನಸೂಯಮ್ಮನ ತಲೆಗೆ ಕಟ್ಟಿ ಕೈತೊಳೆದುಕೊಳ್ಳೋಣವೆಂದು ಅದೇ ಬಸ್ಸಿನ ಅನಿತ ಎಷ್ಟೋ ಸಲ ನೋಡಿದ್ದಾಳೆ. ಆಗುವುದಿಲ್ಲ. ಅವತ್ತು ಆಡಿದ್ದು ಅನಸೂಯಮ್ಮನ ಬಾಯಲ್ಲ, ಇವಳ ಹಾಳು ಬಾಯಿ.

ಸಿನಿಮಾಗಳಿಗೆ ಬಸ್ಸಿನಲ್ಲಿ ಬೇರೆಯೇ ಹೆಸರುಗಳಿದ್ದವು. ಅನಸೂಯಮ್ಮನಿಗೆ ಬೇಜಾರಾದರೆ ಅತ್ತೆ ಸಾಯುವ ಸಿನಿಮಾ ಬೇಕು. ಮೂಗು ಒರೆಸಿಕೊಂಡು ಒರೆಸಿಕೊಂಡು ಅತ್ತು ಇಳಿದರೆ ಮರುದಿನ ಕುದುರೆಯಾಗಿ ಬರುತ್ತಿದ್ದಳು. ಅನಿತಳಿಗೆ ದೆವ್ವದ ಸಿನಿಮಾ. ಸುಮ್ಮನೆ ಹೆದರಿಕೊಂಡು ಕಿರುಚಿದರೆ ಎದೆ ಹಗುರಾಗುತ್ತದೆ ಎಂಬುದು ಅವಳ ವಾದ. ಗಂಡಂದಿರ ಜೊತೆ ಜಗಳ ಆಡಿ ಬಂದವರಿಗೆಲ್ಲ ಫೈಟಿಂಗ್ ಸಿನಿಮಾ. ಯಾರಿಗೆ ಯಾರು ಹೊಡೆದರೂ ಸರಿ, ಹೊಡೆತ ಜೋರಾಗಿರಬೇಕು. ಇನ್ನು ರಜನಿಯದು ಕೋಳಿ ಸಿನಿಮಾ.

ರಜನಿ ಹೋಳೂರಿನ ಸೊಸೆ. ತೌರು ಆಂಧ್ರದ ಗಡಿಯ ಹತ್ತಿರ ರಾಯಲ್ಪಾಡು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಕಂಪನಿಯಲ್ಲಿ ಅನಿತಳ ಪಕ್ಕದ ಟೇಬಲ್ಲು. ಮಾತು ಕನ್ನಡವೇ ಆದರೂ 'ಹೌದಾ' ಎನ್ನುವ ಕಡೆ ಮಾತ್ರ ತೆಲುಗಿನಲ್ಲಿ 'ಅವುನಾ' ಎನ್ನುತ್ತಿದ್ದಳು. ಮೊದಮೊದಲು ಎಲ್ಲರೂ ಅಣಕಿಸಿ, ಆಮೇಲೆ ಬಸ್ಸಿಗೆ ಬಸ್ಸೇ ಅವುನಾ ಎನ್ನತೊಡಗಿತ್ತು.

ಕೋಳಿ ಸಿನಿಮಾ ಅಂದರೆ ಇಷ್ಟೇ. ಒಬ್ಬ ಸೊಸೆ ಗಂಡನ ಮನೆಯಿಂದ ಹೇಳದೆ ಕೇಳದೆ ಹೊರಡುತ್ತಾಳೆ. ಕಂಕುಳಲ್ಲಿ ಒಂದು ಕೋಳಿ, ಮದುವೆಯಲ್ಲಿ ಅಮ್ಮ ಕೊಟ್ಟದ್ದು. ಆ ಕೋಳಿ ಲಾರಿಯಲ್ಲಿ, ಪೊಲೀಸ್ ಸ್ಟೇಷನ್ನಿನಲ್ಲಿ, ಮದುವೆಮನೆಯ ಅಡುಗೆಯವರ ಕೈಯಲ್ಲಿ ಎಲ್ಲೆಲ್ಲೋ ತಪ್ಪಿಸಿಕೊಂಡು ಮತ್ತೆ ಸಿಗುತ್ತದೆ. ನಕ್ಕು ನಕ್ಕು ಪಕ್ಕೆ ನೋಯುವ ಸಿನಿಮಾ. ಕಡೆಗೆ ತೌರಿನ ಊರು ಬರುತ್ತದೆ. ಊರ ಬಾಗಿಲ ಹುಣಸೆಮರದ ಕೆಳಗೆ ಅವಳು ನಿಂತುಬಿಡುತ್ತಾಳೆ. ಒಳಗೆ ಹೋದರೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಹೆದರಿಕೆ.

ಅಲ್ಲಿಗೆ ಹೋಳೂರು ಬರುತ್ತಿತ್ತು.

ಇದರ ಲೆಕ್ಕ ಸುಲಭ. ಐದೂವರೆಗೆ ಕಂಪನಿ ಗೇಟು ಬಿಟ್ಟರೆ ಶ್ರೀನಿವಾಸಪುರಕ್ಕೆ ಒಂದು ಗಂಟೆ ಹತ್ತು ನಿಮಿಷ. ಒಂದು ಸಿನಿಮಾವನ್ನು ಸೊಣ್ಣಪ್ಪ ಎರಡು ಸಂಜೆ ಓಡಿಸುತ್ತಿದ್ದ, ಇವತ್ತು ಇಂಟರ್ವಲ್ಲಿನವರೆಗೆ, ನಾಳೆ ಉಳಿದದ್ದು. ಬೆಳಗ್ಗೆ ಎಲ್ಲರಿಗೂ ನಿದ್ದೆ, ಟಿವಿ ಇಲ್ಲ. ಕೋಲಾರ ದಾಟಿ ಹೋಳೂರು ಮುಟ್ಟುವಾಗ ಸಿನಿಮಾದಲ್ಲಿ ಇನ್ನೂ ಇಪ್ಪತ್ತು ನಿಮಿಷ ಬಾಕಿ ಇರುತ್ತಿತ್ತು. ಹೀಗಾಗಿ ಹೋಳೂರಿನಲ್ಲಿ ಇಳಿಯುವ ರಜನಿ ಎರಡು ವರ್ಷದಲ್ಲಿ ಒಂದೇ ಒಂದು ಸಿನಿಮಾದ ಕೊನೆಯನ್ನೂ ಕಂಡವಳಲ್ಲ. ಆ ಸ್ಟಾಪಿನಲ್ಲಿ ಇಳಿಯುವವಳು ಅವಳೊಬ್ಬಳೇ. ಉಳಿದವರಿಗೆ ಇದು ಹೊಳೆಯಲೇ ಇಲ್ಲ.

ಹೋದ ವರ್ಷ ಮಾವು ಹೂ ಬಿಟ್ಟ ಕಾಲ. ರಜನಿ ಐದು ವಾರ ಒಂದೇ ಸಮನೆ ಬೇಜಾರ್ ಸೀಟು ಹಿಡಿದಳು. ಐದು ವಾರವೂ ಕೋಳಿ ಸಿನಿಮಾ. ಮೂರನೇ ವಾರಕ್ಕೆ ಹಿಂದಿನ ಸೀಟುಗಳಲ್ಲಿ ಗೊಣಗಾಟ ಶುರುವಾಯಿತು. ನಾಲ್ಕನೇ ವಾರ ಅನಿತ ಗಟ್ಟಿಯಾಗಿಯೇ, "ಆ ಕೋಳೀನ ಸಾರು ಮಾಡ್ಬಿಡ್ರೇ ಯಾರಾದ್ರೂ" ಎಂದಳು. ಬಸ್ಸೆಲ್ಲ ನಕ್ಕಿತು. ರಜನಿಯೂ ತಿರುಗಿ ನೋಡಿ ನಕ್ಕಳು. ಸೆಖೆಯಲ್ಲೂ ಅವಳು ಕಂಪನಿಯ ಉದ್ದ ತೋಳಿನ ಕೋಟು ಬಿಚ್ಚಿರಲಿಲ್ಲ. ಅದು ಅನಿತಳ ಕಣ್ಣಿಗೆ ಬಿದ್ದಿತ್ತು. ಕೇಳಬಾರದೆಂಬ ಕಟ್ಟಳೆ ಇತ್ತಲ್ಲ, ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಕಟ್ಟಳೆ ಇದ್ದದ್ದು ಅವಳಿಗೆ ಅನುಕೂಲವೇ ಆಗಿತ್ತು.

ಐದನೇ ವಾರದ ಶುಕ್ರವಾರ. ಸೊಸೆ ಹುಣಸೆಮರದ ಕೆಳಗೆ ಬಂದು ನಿಂತಳು, ಬಸ್ಸು ಹೋಳೂರಿನಲ್ಲಿ ನಿಂತಿತು. ರಜನಿ ಏಳಲಿಲ್ಲ. ಕಾಲ ಹತ್ತಿರ ಒಂದು ದೊಡ್ಡ ಚೀಲ ಇಟ್ಟುಕೊಂಡಿದ್ದಳು. ಅವತ್ತು ಅವಳ ಪಕ್ಕದಲ್ಲೇ ಕೂತಿದ್ದ ಅನಿತಳ ಕಡೆ ತಿರುಗಿ, "ಅಕ್ಕಾ, ಇವತ್ತು ನಾನು ಇಳೀದೆ ಶ್ರೀನಿವಾಸಪುರಕ್ಕೇ ಬಂದ್ಬಿಡ್ಲಾ?" ಎಂದಳು.

"ಯಾಕೇ, ಕೋಳಿ ನೋಡೋಕಾ?"

"ಕೊನೇಗೆ ಏನಾಗ್ತದೆ ಅಕ್ಕ? ಅವರಮ್ಮ ಸೇರಿಸ್ಕೋತಾಳಾ?"

ಅನಿತಳಿಗೆ ಗೊತ್ತಿದ್ದರೆ ತಾನೆ! ಹೋಳೂರು ದಾಟುತ್ತಿದ್ದ ಹಾಗೆ ಅವಳು ಫೋನ್ ಹಿಡಿಯುವವಳು. ಗಂಡ ಅನ್ನಕ್ಕಿಟ್ಟನೋ, ಮಗಳು ಟ್ಯೂಷನ್ನಿಗೆ ಹೋದಳೋ ಎಂದು ವಿಚಾರಿಸಿ, ಆಮೇಲೆ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚುವವಳು. ಐದು ವಾರ ಓಡಿದ ಸಿನಿಮಾದ ಕೊನೆಯನ್ನು ಅವಳೂ ನೋಡಿರಲಿಲ್ಲ. ನೋಡಿಲ್ಲ ಕಣೇ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಿಂದೆ ಲಾರಿಯವನು ಹಾರ್ನ್ ಒತ್ತುತ್ತಿದ್ದ. ಸೊಣ್ಣಪ್ಪ, "ಇಳಿಯಮ್ಮಾ ತಾಯಿ" ಎನ್ನುತ್ತಿದ್ದ. ಅನಿತಳಿಗೆ ಮನೆ ಸೇರುವ ಅವಸರ.

"ಇನ್ನೇನಾಗತ್ತೆ? ಎಲ್ಲಾ ಸಿನಿಮಾದಲ್ಲೂ ಆಗೋದೇ. ಅವರಮ್ಮ ನಾಕು ಬುದ್ಧಿಮಾತು ಹೇಳ್ತಾಳೆ, ಇವಳು ಕಣ್ಣೊರೆಸ್ಕೊಂಡು ವಾಪಸ್ ಗಂಡನ ಮನೆಗೆ ಹೋಗ್ತಾಳೆ. ಏಳೇ, ಇಳಿ."

"ಅವುನಾ?" ಎಂದಳು ರಜನಿ.

ಎದ್ದು ಇಳಿದಳು. ಚೀಲ ಮರೆತಿದ್ದಳು. ಅನಿತಳೇ ಅದನ್ನೆತ್ತಿ, "ಏನೇ ಇದು, ಕಲ್ಲು ತುಂಬಿದೀಯಾ?" ಎಂದು ಬಾಗಿಲಿನಿಂದ ಕೊಟ್ಟಳು. ಬಸ್ಸು ಹೊರಟಿತು. ಅನಿತ ಗಂಡನಿಗೆ ಫೋನ್ ಮಾಡಿ ಹುರುಳಿಕಾಯಿ ಬಿಡಿಸಿಡಲು ಹೇಳಿದಳು.

ಆಮೇಲೆ ರಜನಿ ಬೇಜಾರ್ ಸೀಟಿನಲ್ಲಿ ಕೂರಲಿಲ್ಲ. ಹಿಂದೆ ಹೋಗಿ ಕೂತು ಎಲ್ಲರ ಜೊತೆ ನಗುತ್ತಿದ್ದಳು. ಸದ್ಯ, ಹುಡುಗಿ ಸರಿಹೋದಳು ಎಂದುಕೊಂಡರು. ಯುಗಾದಿ ಕಳೆದು ಒಂದು ವಾರಕ್ಕೆ ಕೆಲಸ ಬಿಟ್ಟಳು. ಮನೆಯಲ್ಲಿ ಬೇಡ ಅಂದರಂತೆ. ಗಂಡ ಕೈ ಮಾಡುತ್ತಿದ್ದ ಎಂಬ ಸುದ್ದಿ ಅವಳು ಹೋದಮೇಲೆ ಕ್ಯಾಂಟೀನಿನಲ್ಲಿ ಓಡಾಡಿತು. "ಅಯ್ಯೋ ಪಾಪ" ಎಂದರು ಎಲ್ಲರೂ. ಅನಿತಳೂ ಅಂದಳು. ಆ ಚೀಲ ಒಂದು ಕ್ಷಣ ನೆನಪಿಗೆ ಬಂತು. ತಲೆ ಕೊಡವಿ ಅದನ್ನು ಆಚೆಗೆ ಹಾಕಿದಳು.

ಈ ಡಿಸೆಂಬರಿನಲ್ಲಿ ಅನಿತಳಿಗೇ ಏಟು ಬಿತ್ತು. ಎಂಟು ವರ್ಷ ದುಡಿದ ಲೈನಿಗೆ ಅವಳನ್ನು ಲೀಡರ್ ಮಾಡುವುದಾಗಿ ಆಸೆ ತೋರಿಸಿ, ಮೊನ್ನೆ ಮೊನ್ನೆ ಬಂದ ಹುಡುಗಿಯನ್ನು ಮಾಡಿದರು. ಆ ಹುಡುಗಿಗೆ ಕೆಲಸ ಕಲಿಸಿದವಳೂ ಇವಳೇ. ಬೇಜಾರ್ ಸೀಟಿನಲ್ಲಿ ದೊಪ್ಪನೆ ಕೂತಳು. ಸೊಣ್ಣಪ್ಪ ಕನ್ನಡಿಯಲ್ಲಿ ನೋಡಿ, "ದೆವ್ವ ಹಾಕ್ಲೇನಮ್ಮಾ?" ಎಂದ.

"ಬೇಡ ಸೊಣ್ಣಪ್ಪಣ್ಣ. ಕೋಳಿ ಹಾಕು." ಯಾಕೆ ಹಾಗೆಂದಳೋ ಅವಳಿಗೇ ತಿಳಿಯದು.

ಮರುದಿನ ಸಂಜೆ ಹೋಳೂರಿನಲ್ಲಿ ಬಸ್ಸು ನಿಲ್ಲಲಿಲ್ಲ. ಇಳಿಯುವವರು ಯಾರೂ ಇರಲಿಲ್ಲವಲ್ಲ. ಸೊಸೆ ಹುಣಸೆಮರದ ಕೆಳಗೆ ನಿಂತಿದ್ದಳು. ಅನಿತ ಅವತ್ತು ಫೋನ್ ಮುಟ್ಟಲಿಲ್ಲ. ಸೊಸೆ ಕಡೆಗೂ ಬೀದಿಯಲ್ಲಿ ನಡೆದು ಮನೆಯ ಮುಂದೆ ಬಂದಳು. ಬಾಗಿಲು ತಟ್ಟಲು ಕೈಯೆತ್ತಿದಳು. ಬಾಗಿಲು ಹಾಕಿರಲೇ ಇಲ್ಲ. ಒಳಗೆ ಅವರಮ್ಮ ಒಲೆಯ ಮುಂದೆ ಕೂತು ಮುದ್ದೆ ಕಟ್ಟುತ್ತಿದ್ದಳು. ತಲೆ ಕೂಡ ಎತ್ತದೆ ಅಂದಳು, "ಬಂದ್ಯಾ? ಕೈಕಾಲು ತೊಳ್ಕೊಂಡು ಬಾ, ಮುದ್ದೆ ಆರೋಗ್ತದೆ." ಬುದ್ಧಿಮಾತಿಲ್ಲ, ಕಣ್ಣೀರಿಲ್ಲ. ಮಾರನೆ ದಿನ ಕರೆಯಲು ಬಂದ ಗಂಡನ ಕಡೆಯವರನ್ನು ಆ ಕೋಳಿಯೇ ಅಟ್ಟಿಸಿಕೊಂಡು ಹೋಗಿ ಕುಕ್ಕುತ್ತದೆ. ಬಸ್ಸು ಬಿದ್ದು ಬಿದ್ದು ನಗುತ್ತಿತ್ತು.

ಅನಿತಳಿಗೆ ಈಗ ಹೊಳೆಯಿತು. ಆ ಚೀಲದಲ್ಲಿದ್ದದ್ದು ಬಟ್ಟೆ. ಶ್ರೀನಿವಾಸಪುರದಲ್ಲಿ ಇಳಿದರೆ ಎದುರಿಗೇ ರಾಯಲ್ಪಾಡಿನ ಬಸ್ಸು ನಿಲ್ಲುವುದು. ಹುಡುಗಿ ಕೇಳಿದ್ದು ಸಿನಿಮಾವನ್ನಲ್ಲ. ತಾನು ಚೀಲವನ್ನೂ ಕೈಗೆ ಕೊಟ್ಟು ಇಳಿಸಿದ್ದಳು! ಲೀಡರ್ ಪಟ್ಟದ ಸಂಕಟ ಆ ಕ್ಷಣಕ್ಕೇ ಮರೆತುಹೋಯಿತು.

ಭಾನುವಾರ ಅರ್ಧ ಡಜನ್ ಬಾಳೆಹಣ್ಣು ಹಿಡಿದು ಹೋಳೂರಿಗೆ ಹೋದಳು. ವಿಚಾರಿಸಿದರೆ ಮನೆ ಸಿಕ್ಕಿತು. ಜಗುಲಿಯಲ್ಲಿ ರಜನಿ ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದಳು. ಪಕ್ಕದಲ್ಲಿ ಅತ್ತೆ ಕದಿರಮ್ಮ. ಕೆಟ್ಟ ಹೆಂಗಸಿನ ಹಾಗೇನೂ ಕಾಣಲಿಲ್ಲ, ಸುಸ್ತಾದವಳ ಹಾಗೆ ಕಂಡಳು. "ಕಂಪ್ನಿಯೋರಾ? ಬಾಮ್ಮಾ, ಕೂತ್ಕೋ" ಎಂದಳು. ರಜನಿ ಬಡವಾಗಿದ್ದಳು. ಅನಿತಳನ್ನು ಕಂಡು ಮುಖ ಅರಳಿತು, ಕಣ್ಣು ಮಾತ್ರ ಬಾಗಿಲ ಕಡೆಗೊಮ್ಮೆ ಹೋಗಿ ಬಂತು.

ಅತ್ತೆಯ ಎದುರಿಗೆ ಏನು ಹೇಳುವುದು? ಅನಿತ ಸಿನಿಮಾ ಕತೆಯನ್ನೇ ಎತ್ತಿಕೊಂಡಳು. "ರಜನೀ, ಆ ಕೋಳಿ ಸಿನಿಮಾ... ಅವತ್ತು ನಾನ್ ಹೇಳಿದ್ದು ಸುಳ್ಳು ಕಣೇ. ನಾನು ನೋಡೇ ಇರ್ಲಿಲ್ಲ. ಅವಳು ವಾಪಸ್ ಹೋಗಲ್ಲ. ಅವರಮ್ಮ ಸೇರಿಸ್ಕೋತಾಳೆ."

ರಜನಿಯ ಬೆರಳು ನಿಂತವು. "ಅವುನಾ?" ಎಂದಳು.

"ಬಾಗ್ಲೇ ಹಾಕಿರಲ್ಲ ಕಣೇ. ಬಂದ್ಯಾ, ಕೈಕಾಲು ತೊಳ್ಕೊ, ಮುದ್ದೆ ಆರೋಗ್ತದೆ ಅಂತಾಳೆ. ಅಷ್ಟೇ."

ಕದಿರಮ್ಮ, "ಯಾವ ಸಿನಿಮಾನೋ ಏನೋ" ಎನ್ನುತ್ತ ಟೀಗಿಡಲು ಎದ್ದು ಒಳಗೆ ಹೋದಳು. ಅನಿತ ರಜನಿಯ ಒದ್ದೆ ಕೈ ಹಿಡಿದುಕೊಂಡಳು. "ತಪ್ಪಾಯ್ತು ಕಣೇ. ಅವಸರಕ್ಕೆ ಏನೋ ಬಾಯಿಗೆ ಬಂದದ್ದು ಅಂದ್ಬಿಟ್ಟೆ. ಈಗ್ಲಾದ್ರೂ ಹೊರಡು. ನಾನೇ ಕರ್ಕೊಂಡ್ಹೋಗಿ ನಿಮ್ಮಮ್ಮನ ಹತ್ರ ಬಿಡ್ತೀನಿ."

"ಅಮ್ಮ ಆಷಾಢದಲ್ಲಿ ಹೋಗ್ಬಿಟ್ಲು ಅಕ್ಕ."

ಒಳಗೆ ಪಾತ್ರೆಯ ಸದ್ದಾಯಿತು. ರಜನಿ ದನಿ ತಗ್ಗಿಸಿದಳು. "ಅವತ್ತು ಊಟದ ಟೈಮಲ್ಲಿ ಅಮ್ಮಂಗೆ ಫೋನ್ ಮಾಡಿ, ಬರ್ತೀನೇನೋ ನೋಡು ಅಂತ ಅಂದಿದ್ದೆ. ಅವಳು, ನಾನು ಪಕ್ಕಾ ಬರ್ತೀನಿ ಅಂದ್ಕೊಂಡು ರಾಯಲ್ಪಾಡು ಸ್ಟಾಪಲ್ಲಿ ಕೊನೇ ಬಸ್ಸಿನವರೆಗೂ ಕೂತಿದ್ಲಂತೆ. ನಂಗೆ ಹೇಳೇ ಇಲ್ಲ. ಹನ್ನೊಂದನೇ ದಿನದ ತಿಥೀಲಿ ಪಕ್ಕದ ಮನೆಯೋರು ಹೇಳಿದ್ರು. ನೀವು ಬೇಜಾರ್ ಮಾಡ್ಕೋಬೇಡಿ ಅಕ್ಕ. ನೀವ್ ಹಂಗಂದಾಗ ನಂಗೂ ಒಂಥರಾ ಸಮಾಧಾನ ಆಯ್ತು. ಕೋಳಿ ಹಿಡ್ಕೊಂಡು ಅಷ್ಟು ದೂರ ಹೋದೋಳೇ ವಾಪಸ್ ಬಂದಿದಾಳೆ, ನಂದೇನು ಅಂತ."

"ನಮ್ಮನೇಗೆ ಬಾರೇ. ಎಷ್ಟು ದಿನ ಬೇಕಾದ್ರೂ ಇರು."

"ನೋಡಾಣ ಅಕ್ಕ" ಎಂದಳು ರಜನಿ. ಬರುವವರು ಹಾಗನ್ನುವುದಿಲ್ಲ. ಅನಿತಳಿಗೂ ಅದು ಗೊತ್ತಾಯಿತು.

ಕದಿರಮ್ಮ ಟೀ ತಂದುಕೊಟ್ಟು, ದನಕ್ಕೆ ನೀರಿಡಲು ಹಿತ್ತಿಲಿಗೆ ಹೋದಳು. ಟೀ ಕುಡಿದಾಯಿತು. ಅನಿತ ಏಳಬೇಕು ಎನ್ನುವಾಗ ರಜನಿ ಅವಳ ಸೆರಗಿನ ತುದಿ ಹಿಡಿದಳು.

"ಅಕ್ಕಾ, ಆ ಅಮ್ಮ ಏನಂತಾಳೆ ಅಂದ್ರಿ? ಇನ್ನೊಂದ್ಸಲ ಹೇಳಿ."

"ಬಂದ್ಯಾ?" ಎಂದಳು ಅನಿತ. ರಜನಿ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು. ಅನಿತ ಉಳಿದದ್ದನ್ನೂ ಒಂದು ಮಾತೂ ಬಿಡದೆ ಹೇಳಿದಳು.