ಆಟೋ ಫ್ಲಾಶಿನ ಕಾಂತಿ

ನನ್ನ ಅಕ್ಕನ ಸೌಂದರ್ಯ ಕೇಂದ್ರದಲ್ಲಿ ಮುಖದ ಕಲೆಗಳಿಗೆ ಕ್ರೀಮು ಹಚ್ಚುತ್ತಾರೆ. ಆ ಕಲೆಯನ್ನು ಮಾಯ ಮಾಡುವ ಕಲೆ ಮಾತ್ರ ನನ್ನದು. ನಾನು ಅಲ್ಲಿನ ಫೋಟೋಗ್ರಾಫರ್. ಕ್ರೀಮು ಹಚ್ಚುವ 'ಮೊದಲು' ಒಂದು ಫೋಟೋ, ಹಚ್ಚಿದ 'ನಂತರ' ಒಂದು.

ಹೀಗೆ ಹೋಲಿಸಿ ನೋಡುವ ಫೋಟೋಗಳಿಗೆ ಫ್ಲಾಶನ್ನು ಮ್ಯಾನ್ಯುಯಲ್‌ನಲ್ಲಿಡಬೇಕು. ಆಗ ಎರಡು ಸಲವೂ ಅಷ್ಟೇ ಬೆಳಕು. ಆಟೋದಲ್ಲಿಟ್ಟರೆ ಅದು ಎದುರಿಗಿರುವುದನ್ನು ನೋಡಿ ತಾನೇ ಬೆಳಕು ಅಳೆದು ಕೊಡುತ್ತದೆ. ಬಿಳಿ ಬಟ್ಟೆ ಕಂಡರೆ ಜಿಪುಣ, ಕರಿ ಬಟ್ಟೆ ಕಂಡರೆ ಧಾರಾಳಿ.

ನಾನು ಆಟೋದಲ್ಲಿಟ್ಟೆ. 'ಮೊದಲು' ಎಂದರೆ ಗಿರಾಕಿಯ ಕೊರಳಿಗೆ ಬಿಳಿ ಹೊದಿಕೆ, 'ನಂತರ' ಎಂದರೆ ಕರಿ ಹೊದಿಕೆ. ಮುಖ ತಾನಾಗಿಯೇ ಬೆಳಗುತ್ತಿತ್ತು. ಉಪಾಯ ಅಕ್ಕನದಲ್ಲ, ನನ್ನದೇ.

"ನಾವೇನು ತಿದ್ದಿದ್ವಾ? ಮೆಶೀನೇ ಮಾಡಿದ್ದು," ಎಂದು ಅಕ್ಕ ಬೀಗುತ್ತಿದ್ದಳು.

ಮೊನ್ನೆ ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಎರಡನೇ 'ನಂತರ' ಫೋಟೋಗೆ ಬಂದರು. ಅಕ್ಕ ಕಟ್ಟಿದ ಕರಿ ಹೊದಿಕೆಯ ಅಂಚು ಹಿಡಿದು ನೋಡಿದರು. "ಇದನ್ನ ಹೊಲಿದೋರು ಯಾರಪ್ಪ? ನಿದ್ದೇಲಿ ಹೊಲಿದಂಗಿದೆ."

ನಾನು ನಕ್ಕೆ. ಅವರೂ ನಕ್ಕು ಕೆನ್ನೆಯ ಕಲೆ ಮುಟ್ಟಿಕೊಂಡರು. "ಆಸ್ಪತ್ರೆ ಡಾಕ್ಟ್ರು ಇದರಲ್ಲಿ ಒಂಚೂರು ಕತ್ತರಿಸಿ ಪರೀಕ್ಷೆ ಮಾಡ್ಬೇಕು, ತಡ ಮಾಡ್ಬೇಡಿ ಅಂದಿದ್ರು. ಹೋದ್ಸಲ ನೀನು ತೆಗೆದ ಫೋಟೋ ನೋಡಿದ್ಮೇಲೆ ಹೋಗ್ಲೇ ಇಲ್ಲ. ಕಮ್ಮಿ ಆಗ್ತಿರೋದನ್ನ ಯಾರಾದ್ರೂ ಕತ್ತರಿಸ್ತಾರಾ?"

ನಾನು ಫ್ಲಾಶನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ ಫೋಟೋ ತೆಗೆದು ತೋರಿಸಿದೆ.

"ಇದೇನಪ್ಪ, ದೊಡ್ಡದಾಗಿದೆ, ಕಪ್ಪಾಗಿದೆ. ನಿನ್ನ ಫ್ಲಾಶ್ ಕೆಟ್ಟಿರಬೇಕು. ಹೋದ್ಸಲದ ತರ ತೆಗಿ."

"ಕೆಟ್ಟಿರೋದು ಫ್ಲಾಶ್ ಅಲ್ಲಮ್ಮ."

ಬಾಗಿಲಲ್ಲಿ ಅಕ್ಕ ಕೆಮ್ಮಿದಳು. "ಲೋ, ಅವರು ಹೇಳ್ದಂಗೆ ತೆಗಿಯೋ."

ನಾನು ಟೈಲರಮ್ಮನನ್ನು ಎಬ್ಬಿಸಿ, ಕ್ಯಾಮೆರಾ ಅವರ ಕೈಗಿಟ್ಟು, ಆ ಸ್ಟೂಲಿನ ಮೇಲೆ ನಾನೇ ಕೂತೆ. ಫ್ಲಾಶು ಮತ್ತೆ ಆಟೋಗೆ. ಬಿಳಿ ಹೊದಿಕೆ ಹೊದ್ದಾಗ ಒಂದು ಸಲ ಬಟನ್ ಒತ್ತಿಸಿದೆ, ಕರಿ ಹೊದ್ದಾಗ ಒಂದು ಸಲ. ಕ್ರೀಮಿನ ಮುಖವನ್ನೇ ಕಾಣದ ನನ್ನ ಮುಖ ಒಂದೇ ನಿಮಿಷದಲ್ಲಿ ಎರಡು ಪಟ್ಟು ಬೆಳ್ಳಗಾಗಿತ್ತು.

ಟೈಲರಮ್ಮ ಎರಡನ್ನೂ ಹಿಂದೆ ಮುಂದೆ ಮಾಡಿ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನನಗೇ ಒಂದಿಷ್ಟು ಹಗುರವಾಗುತ್ತಿತ್ತು.

"ಡಾಕ್ಟ್ರು ಹೇಳಿ ಮೂರು ತಿಂಗಳಾಯ್ತು, ಅಲ್ವಾ," ಎಂದರು, ತಮ್ಮನ್ನೇ ಕೇಳಿಕೊಂಡಂತೆ.

"ಆಸ್ಪತ್ರೆಗೆ ನಾನೂ ಬರ್ತೀನಮ್ಮ."

"ಯಾಕೆ? ಅಲ್ಲೂ ಫೋಟೋ ತೆಗಿತೀಯಾ?"

ಅಕ್ಕ ನನ್ನನ್ನು ದುರುಗುಟ್ಟಿ ನೋಡುತ್ತಲೇ ಇದ್ದಳು. ಕ್ಯಾಮೆರಾ ಅಲ್ಲೇ ಬಿಟ್ಟು ಹೊರಟೆ. ಟೈಲರಮ್ಮ ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡು ಆಸ್ಪತ್ರೆಯ ಕಡೆಗೆ ಬೇಗ ಬೇಗ ನಡೆಯುತ್ತಿದ್ದರು. ನಾನು ಮೂರು ಹೆಜ್ಜೆ ಹಿಂದೆ. ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.